ಹಾಟ್ ಪ್ಯಾಕಿನಲ್ಲಿ ಹತ್ತು ಮೊಟ್ಟೆ

ಹಿಮ ಬೀಳುತ್ತದೆ ಎಂದು ಎರಡು ಸಲ ಶಾಲೆಗೆ ರಜೆ ಕೊಟ್ಟರು, ಬೀಳಲಿಲ್ಲ. ಮೂರನೆಯ ಸಲ ಬೀಳುವುದಿಲ್ಲ ಎಂದು ಶಾಲೆ ತೆರೆದರು, ಬಿತ್ತು. ಈ ಮೂರು ಎಡವಟ್ಟುಗಳ ನಡುವೆ, ನನ್ನ ನಾಲ್ಕನೇ ತರಗತಿಯ ಕೋಣೆಯ ಮೂಲೆಯಲ್ಲಿ ಕೋಳಿಮೊಟ್ಟೆಗಳು ಕಾವಿಗೆ ಕೂತಿದ್ದವು.

ನಮ್ಮ ಶಾಲೆ ಇರುವುದು ಮಾರ್ಗನ್ ಹಿಲ್ ಪೇಟೆಯಿಂದ ಪಡುವಣ ಬೆಟ್ಟಕ್ಕೆ ಹತ್ತುವ ದಾರಿಯಲ್ಲಿ. ಕೆಳಗೆ ಪೇಟೆಯಲ್ಲಿ ಮಳೆಯಾದರೆ ನಮ್ಮಲ್ಲಿ ಮಂಜು, ಕೆಳಗೆ ಚಳಿಯಾದರೆ ನಮ್ಮಲ್ಲಿ ಕೊರೆತ. ಆದರೂ ಹಿಮ ಅಂದರೆ ಮಕ್ಕಳಿಗೆ ಅದು ರಜೆಯಲ್ಲಿ ನಾಲ್ಕೈದು ಗಂಟೆ ಕಾರಿನಲ್ಲಿ ಹೋಗಿ ನೋಡಿಬರುವ ವಸ್ತು. ಹಿಮಕ್ಕಾಗಿ ಶಾಲೆ ಮುಚ್ಚುವುದು ಹೇಗೆಂದು ಸುತ್ತಲಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ನಮ್ಮ ಡಿಸ್ಟ್ರಿಕ್ಟ್ ಆಫೀಸಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸವನ್ನು ಜನ ಬಹಳ ಶಿಸ್ತಿನಿಂದ ಮಾಡುತ್ತಾರೆ. ಮಧ್ಯಾಹ್ನ ಹವಾಮಾನದ ವರದಿ ಓದುವುದು, ಬೆಳಗಿನ ಜಾವ ಬಸ್ಸಿನ ಮೇಲ್ವಿಚಾರಕರು ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದು, ಐದು ಗಂಟೆಗೆ ತೀರ್ಮಾನ, ಐದೂವರೆಗೆ ಎಲ್ಲರ ಫೋನಿಗೂ ಒಂದೇ ದನಿಯ ಸಂದೇಶ.

ಮೊಟ್ಟೆಗಳ ಕಥೆಗೆ ಬರುತ್ತೇನೆ. ಹಿಂದಿನ ವರ್ಷವೂ ನಾನು ಇದೇ ಪಾಠ ಮಾಡಿದ್ದೆ. ಜೋರು ಗಾಳಿಯ ಮುನ್ಸೂಚನೆ ಬಂತೆಂದು, ತಂತಿಯ ಕಿಡಿಗೆ ಕಾಡು ಹೊತ್ತದಿರಲೆಂದು ಮುಂಜಾಗ್ರತೆಗೆ ಕರೆಂಟು ತೆಗೆದು, ಎರಡು ದಿನ ಶಾಲೆ ಮುಚ್ಚಿದ್ದರು. ಬಾಗಿಲು ತೆರೆದಾಗ ಒಂದು ಮೊಟ್ಟೆಯೂ ಉಳಿದಿರಲಿಲ್ಲ. ಮಕ್ಕಳು ಅತ್ತ ಅಳುವಿಗೆ ಪಕ್ಕದ ಕೋಣೆಯ ಟೀಚರು ಓಡಿಬಂದಿದ್ದರು. ಹಾಗಾಗಿ ಈ ವರ್ಷ ನಾನು ಮತ್ತೆ ಅನುಮತಿ ಕೇಳಿದಾಗ ಪ್ರಿನ್ಸಿಪಾಲರು ಹೋದ ವರ್ಷದ ಫಾರಂ ತೆಗೆದು ಮುಂದಿಟ್ಟುಕೊಂಡರು. ಇದೊಂದೇ ಸಲ, ಈ ಸಲವೂ ಹೋದರೆ ಇನ್ನು ನಮ್ಮ ಶಾಲೆಯಲ್ಲಿ ಜೀವ ಇರುವ ಯಾವುದನ್ನೂ ತರಗತಿಗೆ ತರುವಂತಿಲ್ಲ, ಮೀನು ಕೂಡ, ಎಂದರು. ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಮಕ್ಕಳ ಅಳು ಅವರ ಕಿವಿಯಲ್ಲೂ ಇತ್ತು.

ಫೆಬ್ರವರಿಯ ಒಂದು ಬುಧವಾರ ಹನ್ನೆರಡು ಮೊಟ್ಟೆ ಇಟ್ಟೆವು. ಇಪ್ಪತ್ತೊಂದನೆಯ ದಿನವೂ ಬುಧವಾರವೇ ಬರಬೇಕು, ಮರಿ ಹೊರಬರುವಾಗ ಮಕ್ಕಳು ಎದುರಿಗಿರಬೇಕು ಅನ್ನುವುದು ನನ್ನ ಲೆಕ್ಕ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ. ದಿನಕ್ಕೆ ಮೂರು ಸಲ ತಿರುಗಿಸಬೇಕು, ಇಲ್ಲವಾದರೆ ಭ್ರೂಣ ಒಂದೇ ಕಡೆ ಚಿಪ್ಪಿಗೆ ಅಂಟಿಕೊಂಡುಬಿಡುತ್ತದೆ. ಕಾವುಪೆಟ್ಟಿಗೆಯ ಶಾಖ ಜ್ವರ ಅಳೆಯುವ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೊಂಬತ್ತೂವರೆ ಡಿಗ್ರಿ. ಒಂದು ಡಿಗ್ರಿ ಇಳಿದರೆ ತಡೆದೀತು, ನಾಲ್ಕು ಡಿಗ್ರಿ ಏರಿದರೆ ಕಥೆ ಮುಗಿಯಿತು. ಏಳನೆಯ ದಿನ ದೀಪ ಆರಿಸಿ, ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡಿದೆವು. ಹತ್ತರಲ್ಲಿ ಕೆಂಪು ನೂಲಿನ ಬಲೆ, ಬಲೆಯ ನಡುವೆ ಮಿಡಿಯುವ ಚುಕ್ಕೆ. ಎರಡು ಬರಿದು. ಆ ಕತ್ತಲ ಕೋಣೆಯಲ್ಲಿ ಇಪ್ಪತ್ತಮೂರು ಮಕ್ಕಳೂ ಸರದಿಯಲ್ಲಿ ಬಂದು ಆ ಚುಕ್ಕೆ ನೋಡಿದರು, ಕೊನೆಗೆ ನಾನೂ ಇನ್ನೊಂದು ಸಲ ನೋಡಿದೆ.

ಮಾರನೆಯ ದಿನವೇ ಮೊದಲ ರಜೆ ಬಂತು. ತಗ್ಗಿನವರೆಗೂ ಹಿಮ ಇಳಿಯಬಹುದು ಎಂದು ವರದಿ. ಬೆಳಿಗ್ಗೆ ಪರದೆ ಸರಿಸಿದರೆ ತೊಳೆದಿಟ್ಟ ತಟ್ಟೆಯಂಥ ಆಕಾಶ. ನಾನು ಮೊಟ್ಟೆ ತಿರುಗಿಸಲು ಬೆಟ್ಟ ಹತ್ತಿದೆ. ಶಾಲೆಗೆ ಬೀಗ. ನನ್ನ ಕೀಲಿ ಕೋಣೆಯದು, ಹೊರಬಾಗಿಲಿನದಲ್ಲ. ಕಟ್ಟಡ ನೋಡಿಕೊಳ್ಳುವ ಕಸ್ಟೋಡಿಯನ್ನಿಗೆ ಫೋನು ಮಾಡಿದರೆ ಆತ ತನ್ನ ಹಿತ್ತಲಲ್ಲಿ ಗಿಡ ಸವರುತ್ತಿದ್ದಾನೆ. ಬಿಸಿಲಿಗೆ ಟೋಪಿ ಹಾಕಿಕೊಂಡೇ ಹನ್ನೊಂದು ಗಂಟೆಗೆ ಬಂದು ಬಾಗಿಲು ತೆಗೆದ. ಹಿಮದ ರಜೆಯಲ್ಲಿ ಬೆವರು ಒರೆಸಿಕೊಂಡ ಮನುಷ್ಯನನ್ನು ನಾನು ಅವತ್ತೇ ಮೊದಲು ಕಂಡದ್ದು.

ಮುಂದಿನ ಮಂಗಳವಾರ ಎರಡನೆಯ ರಜೆ. ಅವತ್ತು ಬರೀ ಮಳೆ. ಅಷ್ಟರಲ್ಲಿ ತಾಯಿತಂದೆಯರು ರೇಗಿಹೋಗಿದ್ದರು. ನಮ್ಮ ಮಕ್ಕಳ ಮನೆಯವರಲ್ಲಿ ಅನೇಕರು ದೂರದ ಮೆನ್ಲೋ ಪಾರ್ಕಿಗೋ ಸ್ಯಾನ್ ಮಟಿಯೋಗೋ ಕೆಲಸಕ್ಕೆ ಹೋಗುವವರು. ಐದೂವರೆಗೆ ರಜೆ ಅಂದರೆ ಮಗುವನ್ನು ಎಲ್ಲಿ ಬಿಡಬೇಕು? ನನಗೂ ರೇಗಿತ್ತು. ಅಳತೆಯ ಪಾಠ ಎರಡು ಸಲ ಮುಂದಕ್ಕೆ ಹೋಗಿತ್ತು, ಕಸ್ಟೋಡಿಯನ್ನಿನ ಮನೆಯವರಿಗೆಲ್ಲ ನನ್ನ ದನಿಯ ಗುರುತು ಸಿಕ್ಕಿತ್ತು. ಹವಾಮಾನದವರನ್ನು ಬೈದು ಪ್ರಯೋಜನವಿಲ್ಲ. ಅವರು ಆಗಬಹುದು ಅಂದದ್ದನ್ನು ಆಫೀಸಿನವರು ಆಗುತ್ತದೆ ಎಂದು ಓದಿಕೊಂಡರು. ಬಿಸಿ ಹಾಲಿಗೆ ಬಾಯಿಟ್ಟ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಆಫೀಸಿನವರು ಅದಕ್ಕೆ ತದ್ವಿರುದ್ಧ, ಎರಡು ಸಲ ಬೈಸಿಕೊಂಡ ಮೇಲೆ ಮೂರನೆಯ ಸಲ ಊದಲೇ ಇಲ್ಲ.

ಆ ಮೂರನೆಯ ಸಲ ಮತ್ತೊಂದು ಮಂಗಳವಾರ, ಕಾವಿನ ಇಪ್ಪತ್ತನೆಯ ದಿನ. ಹಿಮ ಬಿದ್ದರೂ ಎತ್ತರದ ಶಿಖರಗಳಿಗೆ ಮಾತ್ರ ಎಂದು ವರದಿ, ಶಾಲೆ ಎಂದಿನಂತೆ ಎಂದು ಸಂದೇಶ. ಹದಿನೆಂಟನೆಯ ದಿನದಿಂದ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ಪೆಟ್ಟಿಗೆಗೆ ಹೆಚ್ಚು ನೀರು ಹಾಕಿ ಮುಚ್ಚಿದ್ದೆವು. ಇನ್ನು ಮುಚ್ಚಳ ತೆಗೆಯಲೇಬಾರದು ಎಂದು ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ತೆಗೆದರೆ ತೇವ ಹಾರಿ, ಒಳಪೊರೆ ಒಣಗಿ ಮರಿಗೆ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹುಡುಗನೊಬ್ಬ ಪೆಟ್ಟಿಗೆಗೆ ಕಿವಿಗೊಟ್ಟು ಕೂತಿದ್ದವನು ಎದ್ದುನಿಂತು, ಯಾರೋ ಒಳಗಿಂದ ಮಾತಾಡುತ್ತಿದ್ದಾರೆ ಅಂದ. ಎಲ್ಲರೂ ಪೆಟ್ಟಿಗೆಯತ್ತ ಬಗ್ಗಿದೆವು. ಚಿಪ್ಪಿನೊಳಗಿಂದ ಚಿಂವ್ ಎಂಬ ಸಣ್ಣ ದನಿ. ಸ್ವಲ್ಪ ಹೊತ್ತಿಗೆ ಒಂದು ಮೊಟ್ಟೆಯ ಮೇಲೆ ಸಾಸಿವೆಯಷ್ಟು ಬಿರುಕು.

ಆ ಬಿರುಕಿನ ಸುತ್ತ ಇಪ್ಪತ್ತಮೂರು ತಲೆಗಳು ಕೂಡಿದ್ದಾಗಲೇ ಕಿಟಕಿಯ ಹೊರಗೆ ಹಿಮ ಶುರುವಾಯಿತು. ಮೊದಲು ಬೂದಿ ಹಾರಿದಂತೆ, ಆಮೇಲೆ ಅರಳೆ ಹಿಂಜಿದಂತೆ. ಅರ್ಧ ತರಗತಿ ಕಿಟಕಿಗೆ, ಅರ್ಧ ಪೆಟ್ಟಿಗೆಗೆ. ಯಾವುದನ್ನು ನೋಡಬೇಕೆಂದು ತಿಳಿಯದೆ ಕೆಲವರು ನಡುವೆಯೇ ಗಿರಗಿರ ತಿರುಗುತ್ತಿದ್ದರು. ನಾನೂ ತಿರುಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಹತ್ತೂಮುಕ್ಕಾಲಿಗೆ ಎಲ್ಲೋ ಮರದ ಕೊಂಬೆ ಮುರಿದ ಸದ್ದು. ದೀಪ ಹೋಯಿತು. ಪೆಟ್ಟಿಗೆಯ ಫ್ಯಾನು ನಿಂತಿತು.

ಕರೆಂಟು ಕಂಪನಿಯ ಸಂದೇಶ ನೋಡಿದರೆ ಮತ್ತೆ ಬರುವುದು ನಾಳೆ ಸಂಜೆಯ ಹೊತ್ತಿಗೆ ಎಂದಿದೆ. ಹೀಟರು ಇಲ್ಲದ ಕಟ್ಟಡದಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಪ್ರಿನ್ಸಿಪಾಲರು ಕೋಣೆಯಿಂದ ಕೋಣೆಗೆ ಬಂದು ಹೇಳಿದರು: ಮನೆಯವರಿಗೆ ಫೋನು ಹೋಗಿದೆ, ಒಬ್ಬೊಬ್ಬರನ್ನೇ ಸಹಿ ತೆಗೆದುಕೊಂಡು ಕಳುಹಿಸಿ, ಕೊನೆಯ ಮಗು ಹೋಗುವವರೆಗೆ ತರಗತಿಯ ಟೀಚರು ಜಾಗ ಬಿಡಬಾರದು, ಆಮೇಲೆ ಬೀಗ. ಪೆಟ್ಟಿಗೆಯ ಶಾಖ ಅಷ್ಟರಲ್ಲಿ ತೊಂಬತ್ತಾರು. ಸ್ವೆಟರುಗಳನ್ನು ಹೊದಿಸಿದೆವು. ತೊಂಬತ್ತನಾಲ್ಕು. ಮಕ್ಕಳು ಯಾರೂ ಈಗ ಹಿಮ ನೋಡುತ್ತಿರಲಿಲ್ಲ.

ಹನ್ನೊಂದೂವರೆಗೆ ದಾದಿ ಬಂದರು.

ಈ ದಾದಿಯ ಬಗ್ಗೆ ಹೇಳಬೇಕು. ಆಸ್ಪತ್ರೆಯ ದಾದಿಯಲ್ಲ, ನನ್ನ ತರಗತಿಯ ಒಬ್ಬ ಹುಡುಗಿಯ ಅಜ್ಜಿ, ತಂದೆಯ ತಾಯಿ. ಬಾಗಲಕೋಟೆ ಕಡೆಯವರು. ಮೊಮ್ಮಗಳು ಕರೆಯುವಂತೆ ಇಡೀ ತರಗತಿ ಅವರನ್ನು ದಾದಿ ಅನ್ನುತ್ತಿತ್ತು. ಬೆಳಿಗ್ಗೆ ಕಟ್ಟಿದ ಬುತ್ತಿ ಮಧ್ಯಾಹ್ನ ತಿನ್ನುವುದು ಅವರ ಪ್ರಕಾರ ಉಪವಾಸಕ್ಕಿಂತ ಕಡೆ. ದಿನಾ ಹನ್ನೊಂದಕ್ಕೆ ಚಪಾತಿ ಲಟ್ಟಿಸಿ, ದೊಡ್ಡ ಹಾಟ್ ಪ್ಯಾಕಿಗೆ ತುಂಬಿ, ಟವೆಲ್ಲು ಸುತ್ತಿ, ಮನೆಯಿಂದಲೇ ಆಫೀಸು ಕೆಲಸ ಮಾಡುವ ಮಗನನ್ನು ಎಬ್ಬಿಸಿ ಕಾರಿನಲ್ಲಿ ಬರುತ್ತಿದ್ದರು. ಮೊಮ್ಮಗಳಿಗೆ ಎರಡು ಸಾಕು, ಇವರು ತರುವುದು ಹನ್ನೆರಡು. ಮಿಕ್ಕಿದ್ದು ಪಕ್ಕದಲ್ಲಿ ಕೂತವರಿಗೆ. ಹೊರಗಿನ ಬಿಸಿ ಊಟವನ್ನು ದಿನಾ ತರಬಾರದು ಎಂದು ಶಾಲೆಯ ಆಫೀಸಿನಿಂದ ಎರಡು ಸಲ ನನ್ನ ಮೂಲಕವೇ ಹೇಳಿಸಿದ್ದರು. ನಾನು ಕನ್ನಡದಲ್ಲಿ ತಿಳಿಹೇಳಿದ್ದೆ. ಅವರು ಎಲ್ಲವನ್ನೂ ಕೇಳಿ ತಲೆದೂಗಿ, ಮರುದಿನ ನನಗೂ ಎರಡು ಚಪಾತಿ ಹೆಚ್ಚಿಗೆ ತಂದಿದ್ದರು.

ಅವತ್ತು ಹಿಮದಲ್ಲೂ ಬಂದಿದ್ದಾರೆ. ಬುರ್ಖಾದ ಭುಜದ ಮೇಲೆ ಬಿಳಿ ಪುಡಿ, ಕಂಕುಳಲ್ಲಿ ಹಾಟ್ ಪ್ಯಾಕು. ಮಕ್ಕಳ ಮುಖ ನೋಡಿ ನೇರ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿ ನೋಡಿದರು. ಕರೆಂಟು ಹೋಗಿ ಮುಕ್ಕಾಲು ಗಂಟೆಯಾಯಿತು, ಎಲ್ಲ ತಣ್ಣಗಾಗುತ್ತಿದೆ ಎಂದು ನಾನು ಅಳುಮೋರೆಯಲ್ಲಿ ಹೇಳಿದೆ.

"ಅಕ್ಕೋರ, ಕೋಳಿ ಕಾಳು ತಿನ್ನಾಕ ಎದ್ದು ಹೋಗಂಗಿಲ್ಲೇನು? ಅಷ್ಟೊತ್ತು ತತ್ತಿ ತಣ್ಣಗ ಇರ್ತಾವಲ್ಲ. ಅದೇನು ಕರೆಂಟ್ ನೋಡಿ ಕುಂದರತೈತೇನು?"

"ನಿಮಗೆ ಕೋಳಿ ಕಾವಿಗೆ ಕೂರಿಸಿ ಗೊತ್ತಾ ಅಮ್ಮ?"

"ಗೊತ್ತಾ ಅಂತ ಕೇಳ್ತೀರಲ್ಲ. ನನ್ನ ಮದವಿಗೆ ಕೊಟ್ಟಿದ್ದ ಮೂರು ಕೋಳಿ. ನನ್ನ ಮಕ್ಕಳು ಸಾಲಿ ಕಲ್ತದ್ದ ಅವುಗಳ ಮ್ಯಾಲೆ."

ನಮ್ಮದು ಮೊಟ್ಟೆಯ ಹೆಸರೆತ್ತದ ಮನೆ. ನನಗೆ ಕೋಳಿಯ ವಿಷಯ ಗೊತ್ತಿದ್ದದ್ದೆಲ್ಲ ಕಾಗದದಿಂದ. ಕಾಗದ ಮುಚ್ಚಳ ತೆಗೆಯಬೇಡ ಅನ್ನುತ್ತಿತ್ತು. ತೆಗೆಯದಿದ್ದರೆ ಚಳಿಯಲ್ಲಿ ಹೋಗುತ್ತವೆ, ತೆಗೆದರೆ ಒಣಗಿ ಹೋಗಬಹುದು. ಹೋಗಬಹುದು ಮತ್ತು ಹೋಗುತ್ತವೆ, ಇವೆರಡರ ವ್ಯತ್ಯಾಸ ತಿಳಿಯದೆ ಆಫೀಸಿನವರು ಎರಡು ವಾರ ಒದ್ದಾಡಿದ್ದನ್ನು ನಾನು ಆಡಿಕೊಂಡಿದ್ದೆನಲ್ಲ. ಈಗ ಅದೇ ಪ್ರಶ್ನೆ ನನ್ನ ಮೇಜಿನ ಮೇಲಿತ್ತು. ಮುಚ್ಚಳ ತೆಗೆದೆ.

ದಾದಿ ಹಾಟ್ ಪ್ಯಾಕಿನಿಂದ ಆರು ಚಪಾತಿ ತೆಗೆದು ಮಕ್ಕಳ ಕೈಗೆ ಹಾಕಿದರು. ಉಳಿದ ಆರನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಳಕ್ಕೆ ಹಾಸಿದರು. ಅದರ ಮೇಲೆ ಮಡಿಚಿದ ಟವೆಲ್ಲು. ನಲ್ಲಿಯಲ್ಲಿ ಇನ್ನೂ ಒಂದಿಷ್ಟು ಬಿಸಿನೀರು ಬರುತ್ತಿತ್ತು, ಅದರಲ್ಲಿ ಕರವಸ್ತ್ರ ಅದ್ದಿ ಹಿಂಡಿ ಸುತ್ತಲೂ ಇಟ್ಟೆವು. ಹತ್ತು ಮೊಟ್ಟೆಗಳನ್ನು ಬಿರುಕು ಮೇಲೆ ಬರುವಂತೆ ಸಾಲಾಗಿ ಕೂರಿಸಿದೆ. ವಿಜ್ಞಾನದ ಸಾಮಾನಿನಲ್ಲಿದ್ದ ತಂತಿಯ ಥರ್ಮಾಮೀಟರನ್ನು ನಡುವೆ ಇಳಿಬಿಟ್ಟೆ. ತೊಂಬತ್ತೇಳು, ತೊಂಬತ್ತೆಂಟು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕೈ ತಾನಾಗಿ ಮುಚ್ಚಳ ಎತ್ತಿ ಹಾಟ್ ಪ್ಯಾಕಿನ ಮೇಲಿಟ್ಟು ಗಟ್ಟಿಯಾಗಿ ತಿರುಗಿಸಿತು. ಹಾಟ್ ಪ್ಯಾಕು ಕಂಡ ನಮ್ಮ ಯಾವ ಹೆಂಗಸಿನ ಕೈಯೂ ಅದನ್ನೇ ಮಾಡುವುದು. ಅರೆಮುಚ್ಚಿದರೆ ಆರಿಹೋಗುತ್ತದಲ್ಲ.

ಅಷ್ಟರಲ್ಲಿ ಮೂವರು ತಾಯಂದಿರು ಒಟ್ಟಿಗೆ ಬಂದರು. ನಾನು ಸಹಿ ತೆಗೆದುಕೊಳ್ಳಲು ಬಾಗಿಲಿಗೆ ಹೋದೆ, ದಾದಿ ಮೊಮ್ಮಗಳ ಕೋಟು ಹುಡುಕಲು ಹೊರಗಿನ ಗೂಟಗಳ ಕಡೆ ಹೋದರು. ಐದಾರು ನಿಮಿಷವಾಗಿರಬೇಕು. ಥರ್ಮಾಮೀಟರಿನ ಎದುರು ಕೂತಿದ್ದ ಮೊಮ್ಮಗಳು ಇಂಗ್ಲಿಷಿನಲ್ಲಿ ನನ್ನನ್ನು ಕೂಗಿದಳು. ನೂರಾಮೂರು ಅಂದಳು. ನಾನು ಅಲ್ಲಿಗೆ ಓಡುವಷ್ಟರಲ್ಲಿ ದಾದಿ ಬಂದು ಮುಚ್ಚಳ ಕಿತ್ತಿದ್ದರು. ಒಳಗಿಂದ ಚಪಾತಿಯ ಹಬೆ ಭಗ್ಗನೆ ಎದ್ದಿತು.

"ಅಕ್ಕೋರ, ಇವು ಚಪಾತಿ ಅಲ್ರಿ. ಇವಕ್ಕ ಉಸಿರು ಬೇಕು."

ಬೈಗುಳವಲ್ಲ ಅದು, ಮೆಲ್ಲಗೆ ಹೇಳಿದ್ದು. ಚಳಿಯಿಂದ ಉಳಿಸಲು ಹೋಗಿ ಬೇಯಿಸಿಬಿಡುತ್ತಿದ್ದೆ. ಮೊಮ್ಮಗಳು ಕಿವಿಯಿಟ್ಟು ಕೇಳಿ, ಎರಡು ಬೆರಳೆತ್ತಿ ತೋರಿಸಿದಳು. ಎರಡು ದನಿ ಇನ್ನೂ ಇವೆ. ಮಿಕ್ಕವು ಗೊತ್ತಿಲ್ಲ. ಮುಚ್ಚಳದ ಒಂದು ಬದಿಗೆ ಪೆನ್ಸಿಲು ಅಡ್ಡ ಇಟ್ಟು ಸಂದು ಮಾಡಿದೆವು. ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು.

ಆದರೆ ಚಪಾತಿ ಎಷ್ಟು ಹೊತ್ತು ಬಿಸಿ ಇದ್ದೀತು? ದಾದಿಯ ಮನೆ ಕೆಳಗೆ ಪೇಟೆಯಲ್ಲಿ, ಅಲ್ಲಿ ಕರೆಂಟಿತ್ತು. ಒಯ್ಯಲು ಕಾರು ಬಾಗಿಲಲ್ಲೇ ನಿಂತಿತ್ತು. ನಾನು ಹೋಗುವಂತಿಲ್ಲ. ಇನ್ನೂ ಹನ್ನೊಂದು ಮಕ್ಕಳು ಕೋಣೆಯಲ್ಲಿದ್ದರು, ಅವರಲ್ಲಿ ಮೂವರ ಮನೆಯವರು ಮೆನ್ಲೋ ಪಾರ್ಕಿನಿಂದ ಹೊರಟು ಫ್ರೀವೇಯಲ್ಲಿ ಸಿಕ್ಕಿಕೊಂಡಿದ್ದರು. ಶಾಲೆಯ ವಸ್ತುವನ್ನು, ಅದೂ ಪ್ರಿನ್ಸಿಪಾಲರು ಕೊನೆಯ ಅವಕಾಶ ಎಂದು ಕೊಟ್ಟ ವಸ್ತುವನ್ನು, ಒಂದು ಮಗುವಿನ ಮನೆಗೆ ಕಳುಹಿಸಬಹುದೆಂದು ಯಾವ ನಿಯಮದಲ್ಲೂ ಇಲ್ಲ. ದಾರಿಯಲ್ಲಿ ಹೋದರೆ? ಅವರ ಮನೆಯಲ್ಲಿ ಹೋದರೆ? ಆ ಹುಡುಗಿಯ ತಲೆಯ ಮೇಲೆ ಬಂದರೆ? ನನ್ನ ಕೈಯಿಂದ ಈಗಾಗಲೇ ಒಂದು ತಪ್ಪಾಗಿತ್ತು ಎಂಬುದೇ ಕೊನೆಗೆ ತೀರ್ಮಾನ ಮಾಡಿಸಿತು. ಈ ಕೆಲಸ ಗೊತ್ತಿದ್ದವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಅದು ನಾನಲ್ಲ. ಹಾಟ್ ಪ್ಯಾಕನ್ನು ಎತ್ತಿ ದಾದಿಯ ಕೈಗೆ ಕೊಟ್ಟೆ.

"ನನ್ನ ಮ್ಯಾಲೆ ಬಿಡ್ತೀರೇನು?" ಅಂದರು.

"ನಿಮ್ಮ ಮೇಲೇ ಬಿಟ್ಟೆ ಅಮ್ಮ."

ಹೊರಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತು ಹೋಗುವವರ ಹೆಸರು ಗುರುತು ಹಾಕಿಕೊಳ್ಳುತ್ತಿದ್ದರು. ಟವೆಲ್ಲು ಸುತ್ತಿದ ಡಬ್ಬಿಯನ್ನು, ಅದರಿಂದ ಜೋತುಬಿದ್ದ ಥರ್ಮಾಮೀಟರಿನ ತಂತಿಯನ್ನು, ಎರಡನ್ನೂ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ, ಮನೆಯವರು ತಂದ ಊಟವನ್ನು ಮನೆಯವರು ವಾಪಸು ಒಯ್ಯುವುದಕ್ಕೆ ಶಾಲೆಯ ಅಭ್ಯಂತರವಿಲ್ಲ ಎಂದು ಗಂಭೀರವಾಗಿ ಹೇಳಿ ಬಾಗಿಲು ಹಿಡಿದುಕೊಂಡರು.

ಕೊನೆಯ ಮಗು ಹೋಗುವಾಗ ಮೂರೂಕಾಲು. ಬೆಟ್ಟ ಇಳಿಯಲು ಇನ್ನೊಂದು ಗಂಟೆ. ಮುಂದಿನ ಕಾರಿನ ಚಕ್ರದ ಗುರುತಿನಲ್ಲೇ ನನ್ನ ಚಕ್ರ ಇಡುತ್ತ, ಹಿಂದಿನ ಸೀಟಿನಲ್ಲಿ ಖಾಲಿ ಕಾವುಪೆಟ್ಟಿಗೆಯನ್ನು ಬೆಲ್ಟು ಹಾಕಿ ಕೂರಿಸಿಕೊಂಡು, ದಾದಿಯ ಮನೆ ತಲುಪಿದೆ. ಊಟದ ಮೇಜಿನ ಮೇಲೆ ಹಾಟ್ ಪ್ಯಾಕು, ಪಕ್ಕದಲ್ಲಿ ಬಗ್ಗಿಸಿಟ್ಟ ಮೇಜಿನ ದೀಪ, ತಳದಲ್ಲಿ ಚಪಾತಿಯ ಬದಲು ಬಿಸಿನೀರಿನ ರಬ್ಬರ್ ಚೀಲ. ಕಾಲು ಗಂಟೆಗೊಮ್ಮೆ ಶಾಖ ಬರೆದಿಟ್ಟ ಕಾಗದ ಮೊಮ್ಮಗಳ ಕೈಯಲ್ಲಿ. ನಾನು ಪೆಟ್ಟಿಗೆಗೆ ಕರೆಂಟು ಕೊಟ್ಟು ಮೊಟ್ಟೆಗಳನ್ನು ಮರಳಿ ಅದಕ್ಕೆ ಹಾಕೋಣ ಅಂದೆ. ದಾದಿ ಒಪ್ಪಲಿಲ್ಲ. ಕುಂತ ಕೋಳಿನ ಎರಡು ಸರ್ತಿ ಎಬ್ಬಸಬಾರದು ಅಂದರು. ಅವರ ಮಗ, ಮೀಟಿಂಗಿನ ನಡುವೆ ಕಿವಿಯ ಹೆಡ್‌ಫೋನು ಸರಿಸಿ, ನಮ್ಮಮ್ಮನ ಹತ್ತಿರ ವಾದ ಮಾಡಿ ಗೆದ್ದವರು ಬಾಗಲಕೋಟೆಯಲ್ಲೇ ಇಲ್ಲ ಮಿಸ್, ಎಂದು ನಕ್ಕ.

ಬುಧವಾರ ಐದೂವರೆಗೆ ಫೋನು ಬಂತು. ರಜೆ. ಆ ಸಲ ಮಾತ್ರ ನಿಜವಾದ ಹಿಮಕ್ಕೆ ನಿಜವಾದ ರಜೆ. ಏಳಕ್ಕೇ ನಾನು ದಾದಿಯ ಮನೆಯಲ್ಲಿದ್ದೆ. ಎಂಟೂವರೆಗೆ ಮಕ್ಕಳನ್ನೆಲ್ಲ ವಿಡಿಯೊ ಕರೆಯಲ್ಲಿ ಫೋನಿನ ಪರದೆಯ ಮೇಲೆ ಸೇರಿಸಿದೆ. ಇಪ್ಪತ್ತೆರಡು ಚೌಕಗಳು. ಹಿಮದ ರಜೆಯನ್ನು ಎರಡು ವಾರ ಕಾದ ಮಕ್ಕಳು, ಹೊರಗೆ ಹಿಮ ಬಿದ್ದಿದ್ದರೂ, ಟೋಪಿ ಕೈಗವಸು ಹಾಕಿಕೊಂಡೇ ಅಡುಗೆಮನೆಯಲ್ಲಿ ಕೂತು ನಮ್ಮ ಡಬ್ಬಿಯನ್ನು ನೋಡುತ್ತಿದ್ದರು. ಪ್ರಿನ್ಸಿಪಾಲರ ಹೆಸರಿನ ಚೌಕವೂ ಒಂದಿತ್ತು, ಕ್ಯಾಮೆರಾ ಆಫ್.

ಒಂಬತ್ತಕ್ಕೆ ಮೊದಲ ಚಿಪ್ಪು ಸುತ್ತಲೂ ಸೀಳಿ, ಒದ್ದೆ ಹತ್ತಿಯುಂಡೆಯಂಥ ಮರಿ ಮುಗ್ಗರಿಸಿ ಹೊರಬಿತ್ತು. ಫೋನಿನ ಸ್ಪೀಕರು ಒಡೆಯುವಷ್ಟು ಗದ್ದಲ. ಆಮೇಲೆ ಒಂದರ ಹಿಂದೊಂದು. ಹತ್ತೂವರೆಗೆ ಆರು. ಎರಡು ಮೊಟ್ಟೆಗಳಲ್ಲಿ ಸದ್ದೇ ಇಲ್ಲ. ಇನ್ನೊಂದರಲ್ಲೂ ಇಲ್ಲ. ಆ ಮೂರನ್ನು ಮಕ್ಕಳಿಗೆ ಬಚ್ಚಿಡಲಿಲ್ಲ. ನನ್ನ ಮುಚ್ಚಳದಿಂದ ಹೋದವೋ, ಚಳಿಯಿಂದ ಹೋದವೋ, ಮೊದಲೇ ಹೋಗಿದ್ದವೋ ನನಗೆ ಇವತ್ತಿಗೂ ಗೊತ್ತಿಲ್ಲ ಎಂದೇ ಅವರಿಗೆ ಹೇಳಿದೆ.

ಉಳಿದದ್ದು ಒಂದು. ಅದೇ ಮಂಗಳವಾರ ಬೆಳಿಗ್ಗೆ ಮೊದಲು ಬಿರುಕು ಬಿಟ್ಟದ್ದು. ತೂತಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಪೊರೆ ಕಾಗದದಂತೆ ಬಿಳಿಚಿತ್ತು. ಒಣಗಿ ಬಿಗಿದುಕೊಂಡಿದೆ. ನಾನು ಚಿಮುಟ ಕೈಗೆತ್ತಿಕೊಂಡೆ. ದಾದಿ ನನ್ನ ಮಣಿಕಟ್ಟು ಹಿಡಿದರು. ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ಈಗ ಎಳೆದರೆ ಸೋರಿ ಸಾಯುತ್ತದೆ ಎಂದು ವಿವರಿಸಿ, ಬೆರಳನ್ನು ಉಗುರುಬೆಚ್ಚನೆಯ ನೀರಿಗೆ ಅದ್ದಿ ಕೊಕ್ಕಿಗೆ ತಾಗದಂತೆ ಪೊರೆಯ ಅಂಚಿಗೆ ಒಂದೇ ಹನಿ ಸವರಿದರು. ಸ್ವಲ್ಪ ಬಿಟ್ಟು ಇನ್ನೊಂದು ಹನಿ. ಹೀಗೆ ಒಂದೂವರೆ ಗಂಟೆ. ಮೂರು ವಾರದಲ್ಲಿ ನಾನು ಕಾದದ್ದೆಲ್ಲ ಒಂದು ತೂಕ, ಆ ಒಂದೂವರೆ ಗಂಟೆ ಒಂದು ತೂಕ.

ಹನ್ನೆರಡು ದಾಟಿದ ಮೇಲೆ ಕೊಕ್ಕು ಒಮ್ಮೆ ಒಳಗೆ ಹೋಯಿತು. ಹೋಗಿಯೇ ಬಿಟ್ಟಿತು ಅಂದುಕೊಂಡೆ. ಮರುಕ್ಷಣ ಚಿಪ್ಪು ಟಪ್ಪೆಂದು ಎರಡು ಹೋಳಾಯಿತು. ಮರಿ ಬಿದ್ದಲ್ಲೇ ಬಿದ್ದಿತ್ತು, ಆಮೇಲೆ ತಲೆ ಎತ್ತಿತು, ಆಮೇಲೆ ಮಿಕ್ಕ ಆರು ಮರಿಗಳ ಮೈಮೇಲೆ ಹತ್ತಿತು.

ಗದ್ದಲ ಇಳಿದಾಗ ಪ್ರಿನ್ಸಿಪಾಲರ ಚೌಕದಲ್ಲಿ ಕ್ಯಾಮೆರಾ ಆನ್ ಆಯಿತು. ಉಣ್ಣೆ ಟೋಪಿ, ಕಿವಿಯವರೆಗೆ ಮಫ್ಲರು, ಅವರ ಮನೆಯಲ್ಲೂ ಕರೆಂಟಿಲ್ಲ. ಮುಂದಿನ ವರ್ಷಕ್ಕೆ ಎಷ್ಟು ಮೊಟ್ಟೆ ಬೇಕೆಂದು ಈಗಲೇ ಹೇಳಿದರೆ ಫಾರಂ ತುಂಬಿಬಿಡುತ್ತೇನೆ ಎಂದರು.

ಅವರೇನು ಕೇಳಿದರೆಂದು ಮೊಮ್ಮಗಳು ದಾದಿಯ ಕಿವಿಯಲ್ಲಿ ಹೇಳಿದಳು.

"ಹದಿಮೂರು ಅಂತ ಹೇಳ್ರಿ ಅಕ್ಕೋರ," ಅಂದರು ದಾದಿ, ಮರಿಗಳ ಮೇಲಿನಿಂದ ಕಣ್ಣು ತೆಗೆಯದೆ. "ಕಾವಿಗೆ ಯಾವಾಗಲೂ ಬೆಸ ಇಡಬೇಕು. ಹನ್ನೆರಡು ಇಡ್ರಿ ಅಂದೋರು ಯಾರು ನಿಮಗ?"

ಹದಿಮೂರು ಅಪಶಕುನವೆಂದು ಈ ದೇಶದಲ್ಲಿ ಲಿಫ್ಟಿನಲ್ಲಿ ಕೂಡ ಆ ಅಂತಸ್ತಿನ ಗುಂಡಿ ಇರುವುದಿಲ್ಲ. ನಾನು ಹದಿಮೂರು ಅಂದೆ. ಪ್ರಿನ್ಸಿಪಾಲರು ಯಾಕೆ ಎಂದು ಕೇಳದೆ ಬರೆದುಕೊಂಡರು.